ಬ್ಯಾಟಲಲ್ಲಿ ಡಿಜೆ ಹಾಕೋ ಹಾಡು ನಮಗೆ ಗೊತ್ತೇ ಇರಲ್ಲ, ಪ್ರಾಕ್ಟೀಸ್‌ಗೆ ಎಂಥ ಮ್ಯೂಸಿಕ್ ಹಾಕ್ಬೇಕು?

ಪ್ರಶ್ನೆ: ಅಣ್ಣ, ನಾವು ಚಿಕ್ಕಮಗಳೂರಿನವ್ರು, ಮೂರು ಜನ ಬಿ-ಬಾಯ್ಸ್, ಇಬ್ಬರು ಬಿ-ಗರ್ಲ್ಸ್. ಕಾಲೇಜು ಮುಗಿಸ್ಕೊಂಡು ಸಂಜೆ ಶೀಟ್ ಹಾಕಿರೋ ಒಂದು ಹಾಲಲ್ಲಿ ಬ್ರೇಕಿಂಗ್ (ಬ್ರೇಕ್‌ಡ್ಯಾನ್ಸ್) ಪ್ರಾಕ್ಟೀಸ್ ಮಾಡ್ತೀವಿ. ನಮ್ಮದೊಂದು ಪ್ಲೇಲಿಸ್ಟ್ ಇದೆ, ರ‍್ಯಾಪು, ಟ್ರ್ಯಾಪು, ಇಡಿಎಂ, ಕನ್ನಡ ಫಿಲ್ಮ್ ಸಾಂಗು ಎಲ್ಲ ಮಿಕ್ಸು. ಆ ಹಾಡುಗಳಿಗೆ ಚೆನ್ನಾಗೇ ಆಡ್ತೀವಿ. ಆದ್ರೆ ಬೆಂಗಳೂರಿಗೆ ಬ್ಯಾಟಲ್‌ಗೆ (ಎದುರುಬದುರು ನಿಂತು ಆಡೋ ಸ್ಪರ್ಧೆಗೆ) ಹೋದಾಗ ಡಿಜೆ ಹಾಕಿದ ಒಂದು ಹಾಡೂ ಗೊತ್ತಿರ್ಲಿಲ್ಲ, ಸೆಟ್ ಪೂರ್ತಿ ಬೀಟ್ ತಪ್ಪಿ ಮೊದಲ್ನೇ ರೌಂಡಲ್ಲೇ ಹೊರಗೆ ಬಂದ್ವಿ. ಪ್ರಾಕ್ಟೀಸ್‌ಗೆ ಎಂಥ ಮ್ಯೂಸಿಕ್ ಬೇಕು, ಬಿಪಿಎಂ (ನಿಮಿಷಕ್ಕೆ ಬೀಳೋ ಬೀಟ್) ಎಷ್ಟಿರ್ಬೇಕು, ಫಿಲ್ಮ್ ಸಾಂಗ್ ಬಿಟ್ಬಿಡ್ಬೇಕಾ? ಇನ್ನೊಂದು, ಹಾಸನದ ಹುಡುಗ್ರ ಜೊತೆ ಸೇರ್ಕೊಂಡು ನಾವೇ ಒಂದು ಸಣ್ಣ ಜ್ಯಾಮ್ ಮಾಡೋಣ ಅಂತಿದೀವಿ, ಅದಕ್ಕೆ ಮ್ಯೂಸಿಕ್ ಹೆಂಗೆ ರೆಡಿ ಮಾಡ್ಕೊಳ್ಳೋದು?

ಉತ್ತರ: ಬೆಂಗಳೂರಲ್ಲಿ ನಿಮಗೆ ಮೂವ್ಸ್ ಕಮ್ಮಿ ಬಿದ್ದು ಹಂಗಾಗಿಲ್ಲ ಕಣಪ್ಪ, ಅದನ್ನ ಮೊದಲು ತಲೆಯಿಂದ ತೆಗ್ದುಬಿಡಿ. ದಿನಾ ಅದೇ ಹತ್ತಿಪ್ಪತ್ತು ಹಾಡು ಕೇಳಿ ಕೇಳಿ ಎಲ್ಲಿ ಡ್ರಾಪ್ ಬರತ್ತೆ, ಎಲ್ಲಿ ಹಾಡೋನು ಉಸಿರು ತಗೋತಾನೆ ಅನ್ನೋದೆಲ್ಲ ನಿಮಗೆ ಬಾಯಿಪಾಠ ಆಗ್ಬಿಟ್ಟಿದೆ, ನೀವು ಫ್ರೀಜ್ (ಆಡ್ತಾ ಆಡ್ತಾ ಒಂದು ಭಂಗಿಯಲ್ಲಿ ಥಟ್ ಅಂತ ನಿಲ್ಲೋದು) ಹಾಕ್ತಾ ಇರೋದು ಆ ಬಾಯಿಪಾಠದ ಮೇಲೆ. ಹೊಸ ಹಾಡು ಬಂದ ತಕ್ಷಣ ಆ ಗುರುತೆಲ್ಲ ಮಾಯ. ಹಾಗಾಗಿ ನಾನು ಹೇಳೋದು ಮುಖ್ಯವಾಗಿ ಒಂದೇ: ಪ್ರಾಕ್ಟೀಸಲ್ಲಿ ಗೊತ್ತಿಲ್ದಿರೋ ಹಾಡು ಜಾಸ್ತಿ ಇರ್ಬೇಕು, ಮತ್ತೆ ಆಡೋರು ಹಾಡು ಆರಿಸ್ಬಾರ್ದು. ಹೆಂಗೆ ಅಂತ ಬಿಡಿಸಿ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ.

ಈ ಡ್ಯಾನ್ಸ್ ಹುಟ್ಟಿದ್ದು ಹಾಡಿನ ಒಂದು ಚಿಕ್ಕ ತುಂಡಿಂದ, ಅದು ಗೊತ್ತಿದ್ರೆ ಮ್ಯೂಸಿಕ್ ಆರಿಸೋದು ಅರ್ಧ ಸುಲಭ. ಜಮೈಕಾದಿಂದ ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ಬಂದಿದ್ದ ಡಿಜೆ ಕೂಲ್ ಹರ್ಕ್ 1973ರ ಆಗಸ್ಟ್ 11ಕ್ಕೆ 1520 ಸೆಡ್ಜ್‌ವಿಕ್ ಅವೆನ್ಯೂ ಅನ್ನೋ ಅಪಾರ್ಟ್‌ಮೆಂಟ್ ಕಟ್ಟಡದಲ್ಲಿ ತನ್ನ ತಂಗಿ ಸಿಂಡಿ ಇಟ್ಕೊಂಡಿದ್ದ ಪಾರ್ಟಿಗೆ ರೆಕಾರ್ಡ್ ಹಾಕ್ದ, ಹಿಪ್‌ಹಾಪ್‌ನ ಹುಟ್ಟುಹಬ್ಬ ಅಂತ ಇವತ್ತಿಗೂ ಜನ ನೆನೆಸ್ಕೊಳ್ಳೋದು ಅದೇ ದಿನಾನ. ಪಾರ್ಟಿಗಳಲ್ಲಿ ಅವನು ಗಮನಿಸಿದ್ದೇನು ಅಂದ್ರೆ, ಒಳ್ಳೆ ಡ್ಯಾನ್ಸರ್ಸು ಹಾಡು ಪೂರ್ತಿ ಕುಣೀತಾ ಇರ್ಲಿಲ್ಲ, ಹಾಡೋದು, ಗಿಟಾರು, ಹಾರ್ನು (ಟ್ರಂಪೆಟ್ ಥರ ಊದೋ ವಾದ್ಯ) ಎಲ್ಲ ನಿಂತು ಬರೀ ಡ್ರಮ್ಸ್ ಉಳಿಯೋ ಜಾಗಕ್ಕೆ ಕಾಯ್ತಾ ಇದ್ರು, ಅಲ್ಲಿ ಇಳೀತಿದ್ರು. ಆ ಜಾಗಾನೇ ಬ್ರೇಕ್. ಅದು ಇರೋದು ಕೆಲವೇ ಸೆಕೆಂಡು, ಅದಕ್ಕೇ ಒಂದೇ ರೆಕಾರ್ಡಿನ ಎರಡು ಕಾಪಿ ಎರಡು ಟರ್ನ್‌ಟೇಬಲ್ ಮೇಲಿಟ್ಟು ಒಂದರಲ್ಲಿ ಬ್ರೇಕ್ ಮುಗಿಯೋಷ್ಟರಲ್ಲಿ ಇನ್ನೊಂದರಲ್ಲಿ ಅದನ್ನೇ ಮತ್ತೆ ಶುರು ಮಾಡಿ ಎಳೆದೂ ಎಳೆದೂ ಉದ್ದ ಮಾಡ್ದ, ಮೆರ್ರಿ-ಗೋ-ರೌಂಡ್ ಅಂತ ಹೆಸರಿಟ್ಟ. ಇವತ್ತು ನೀವು ಯೂಟ್ಯೂಬಲ್ಲಿ ಬಿ-ಬಾಯ್ ಮಿಕ್ಸ್‌ಟೇಪ್ ಅಂತ ಹುಡುಕಿದ್ರೆ ಸಿಗೋದೆಲ್ಲ ಅದೇ ಕೆಲಸದ ಮುಂದುವರಿಕೆ. ಅಂದ್ರೆ ಬ್ಯಾಟಲ್ ಮ್ಯೂಸಿಕಲ್ಲಿ ರಾಜ ಡ್ರಮ್ಮು. ಮೆಲೊಡಿ ಚೆನ್ನಾಗಿದೆ, ಲಿರಿಕ್ಸ್ ಸಖತ್ತಾಗಿದೆ ಅಂತ ಹಾಡು ಆರಿಸಿದ್ರೆ ಕಿವಿ ಡ್ರಮ್ ಬಿಟ್ಟು ಬೇರೆ ಕಡೆ ಹೋಗತ್ತೆ.

ಈಗ ಒಂದು ಕೆಲಸ ಮಾಡಿ. ಜೇಮ್ಸ್ ಬ್ರೌನ್‌ನ 1970ರ ಫಂಕಿ ಡ್ರಮ್ಮರ್ ಹಾಕಿ, ಉದ್ದದ ವರ್ಷನ್ನೇ ಬೇಕು, ಅರ್ಧ ದಾಟಿದ ಮೇಲೆ ಬ್ಯಾಂಡೆಲ್ಲ ಸುಮ್ನಾಗಿ ಕ್ಲೈಡ್ ಸ್ಟಬಲ್‌ಫೀಲ್ಡ್ ಒಬ್ರೇ ಡ್ರಮ್ಸ್ ನುಡಿಸೋ ಜಾಗ ಬರತ್ತೆ, ಇಪ್ಪತ್ತು ಸೆಕೆಂಡ್ ಆಸುಪಾಸು ಅಷ್ಟೇ. ಅದನ್ನ ಕಣ್ಣು ಮುಚ್ಕೊಂಡು ಕೇಳಿ. ಮೇಲೆ ಹೈ-ಹ್ಯಾಟ್ ಅನ್ನೋ ಜೋಡಿ ತಾಳ ಓಡ್ತಾ ಇರತ್ತೆ, ಒಂದು ಬೀಟಿಗೆ ನಾಲ್ಕು ಪೆಟ್ಟು, ಬಾಯಲ್ಲಿ ತಕಧಿಮಿ ತಕಧಿಮಿ ಅಂತ ಹೇಳ್ಕೊಂಡ್ರೆ ಸರಿಯಾಗಿ ಕೂರತ್ತೆ. ಕೆಳಗೆ ಕಿಕ್, ಅಂದ್ರೆ ಕಾಲಲ್ಲಿ ಹೊಡೆಯೋ ದೊಡ್ಡ ಡ್ರಮ್ಮು, ಎದೆಗೆ ಬಡಿಯೋದು. ಎರಡನೇ ಬೀಟಿಗೆ, ನಾಲ್ಕನೇ ಬೀಟಿಗೆ ಟಕ್ ಅಂತ ಜೋರಾಗಿ ಸ್ನೇರ್. ಇಷ್ಟು ಎಲ್ರಿಗೂ ಕೇಳತ್ತೆ. ಇನ್ನೊಂದೆರಡು ಸಲ ಕೇಳಿದ್ರೆ ಆ ಜೋರು ಸ್ನೇರ್‌ಗಳ ಮಧ್ಯ ಸುಮ್ನೆ ಮುಟ್ಟಿ ಬಿಟ್ಟಂಗೆ ಮೆಲ್ಲಗೆ ಬೀಳೋ ಪೆಟ್ಟುಗಳು ಸಿಗ್ತವೆ, ಅದಕ್ಕೆ ಘೋಸ್ಟ್ ನೋಟ್ ಅಂತಾರೆ. ಟಾಪ್‌ರಾಕ್ (ನಿಂತ್ಕೊಂಡೇ ಹಾಕೋ ಹೆಜ್ಜೆಗಳು) ಮಾಡೋವಾಗ ಹೆಜ್ಜೆ ಕಿಕ್‌ಗೆ, ಎದೆ ಅಥವಾ ಭುಜ ಸ್ನೇರ್‌ಗೆ, ಬೆರಳು, ಮಣಿಕಟ್ಟು ಆ ಮೆಲ್ಲನೆ ಪೆಟ್ಟುಗಳಿಗೆ ಅಂತ ಹಂಚ್ಕೊಂಡು ನೋಡಿ. ಅದೇ ಸ್ಟೆಪ್ಪು, ಆದ್ರೆ ನೋಡೋರಿಗೆ ಬೇರೇನೇ ಕಾಣತ್ತೆ. ಮ್ಯೂಸಿಕಾಲಿಟಿ ಅಂತ ದೊಡ್ಡದಾಗಿ ಹೇಳ್ತಾರಲ್ಲ, ಅದರ ಅಡಿಪಾಯ ಇಷ್ಟೇ.

ಇದರ ಜೊತೆಗೆ ಎಣಿಕೆ. ನಾಲ್ಕು ಬೀಟ್ ಒಂದು ಬಾರ್, ಎರಡು ಬಾರ್ ನಾವು ಎಣಿಸೋ ಎಂಟು. ಅಂಥ ನಾಲ್ಕು ಎಂಟು, ಅಂದ್ರೆ 32 ಬೀಟ್ ಆದಾಗ ಹೆಚ್ಚುಕಮ್ಮಿ ಎಲ್ಲ ಹಾಡಲ್ಲೂ ಏನೋ ಒಂದು ಬದಲಾಗತ್ತೆ, ಹಾರ್ನ್ ಬರ್ಬೋದು, ಬೇಸ್ ಹೋಗ್ಬೋದು, ಡ್ರಮ್ಮರ್ ಒಂದು ರೋಲ್ ಹಾಕ್ಬೋದು. 110 ಬಿಪಿಎಂನಲ್ಲಿ 32 ಬೀಟ್ ಅಂದ್ರೆ 17 ಸೆಕೆಂಡ್ ಚಿಲ್ಲರೆ. ನಿಮ್ಮ ರೌಂಡ್ 40 ಸೆಕೆಂಡ್ ಅಂತಿಟ್ಕೊಳ್ಳಿ, ಅದರೊಳಗೆ ಅಂಥ ಬದಲಾವಣೆ ಎರಡು ಸಲ ಬಂದೇ ಬರತ್ತೆ. ಹಾಡು ಗೊತ್ತಿಲ್ದಿದ್ರೂ ಅದು ಎಲ್ಲಿ ಬರತ್ತೆ ಅಂತ ಎಣಿಕೆಯಲ್ಲೇ ಮುಂಚೆ ಹೇಳ್ಬೋದು. ಗೊತ್ತಿಲ್ಲದ ಹಾಡಿಗೂ ಕರೆಕ್ಟಾಗಿ ಫ್ರೀಜ್ ಹಾಕೋರನ್ನ ನೋಡಿ ಇವರಿಗೆ ಈ ಹಾಡು ಗೊತ್ತಿತ್ತು ಅಂದ್ಕೋತೀವಲ್ಲ, ಬಹಳ ಸಲ ಗೊತ್ತಿರಲ್ಲ, ಎಣಿಸ್ತಾ ಇರ್ತಾರೆ, ಎಣಿಕೆ ಮೈಗೆ ಹತ್ತಿಬಿಟ್ಟಿರತ್ತೆ.

ಸಿಕ್ಸ್-ಸ್ಟೆಪ್ (ಕೈ ನೆಲಕ್ಕೂರಿ ಕಾಲಲ್ಲಿ ಸುತ್ತು ಹಾಕೋ ಆರು ಹೆಜ್ಜೆ) ಬಗ್ಗೆ ಇಲ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಬೀಟ್ ತಪ್ಪೋದು ತುಂಬಾ ಜನಕ್ಕೆ ಅಲ್ಲೇ. ಹೆಜ್ಜೆ ಆರು, ಮ್ಯೂಸಿಕ್ ಎಂಟು. ಒಂದು ಬೀಟಿಗೆ ಒಂದು ಹೆಜ್ಜೆ ಹಾಕಿದ್ರೆ ಮೊದಲ್ನೇ ಸುತ್ತು ಆರಕ್ಕೇ ಮುಗಿದು ಎರಡನೇ ಸುತ್ತು ಏಳನೇ ಬೀಟಿಂದ ಶುರುವಾಗತ್ತೆ, ಹಿಂಗೇ ಜಾರ್ತಾ ಜಾರ್ತಾ ನಾಲ್ಕು ಸುತ್ತು ಮುಗಿದಾಗ 24 ಬೀಟ್, ಅಂದ್ರೆ ಮೂರು ಎಂಟು, ಅವಾಗ ಮತ್ತೆ ಒಂದಕ್ಕೆ ಬಂದು ಸೇರ್ತೀರ. ಈ ಲೆಕ್ಕ ಗೊತ್ತಿದ್ದು ಜಾರಿದ್ರೆ ಚೆಂದ, ಗೊತ್ತಿಲ್ದೆ ಜಾರಿದ್ರೆ ಕಳೆದುಹೋಗ್ತೀರ. ಒಂದೇ ಸುತ್ತು ಹಾಕಿ ಉಳಿದ ಎರಡು ಬೀಟಲ್ಲಿ ಸಿಸಿ ಅಥವಾ ಹುಕ್‌ನಂಥ ಒಂದು ಚಿಕ್ಕ ನೆಲದ ಹೆಜ್ಜೆ ಸೇರ್ಸಿ ಎಂಟಕ್ಕೆ ತುಂಬಿಸೋದೂ ಒಂದು ದಾರಿ. ಎರಡೂ ಕಲೀರಿ.

ಬಿಪಿಎಂ ಕೇಳಿದ್ರಲ್ಲ. ಬ್ಯಾಟಲಲ್ಲಿ ಜಾಸ್ತಿ ಕಿವಿಗೆ ಬೀಳೋದು 105ರಿಂದ 125ರ ಒಳಗಿಂದು, ಫೈನಲ್ ಹತ್ರ ಬಂದಂಗೆ ಕೆಲವು ಡಿಜೆಗಳು ಇನ್ನೂ ಏರಿಸ್ತಾರೆ. ನಿಮ್ಮ ಹತ್ರ ಆ್ಯಪ್ ಇಲ್ದಿದ್ರೂ ಪರವಾಗಿಲ್ಲ, 15 ಸೆಕೆಂಡ್ ಬೀಟ್ ಎಣಿಸಿ ನಾಲ್ಕರಿಂದ ಗುಣಿಸಿ. ಹೊಸ ಫುಟ್‌ವರ್ಕ್ (ನೆಲದ ಮೇಲಿನ ಹೆಜ್ಜೆ) ಕಲಿಯೋವಾಗ 95ರಿಂದ 105ರೊಳಗೆ ಇಟ್ಕೊಳ್ಳಿ, ಹೆಜ್ಜೆ ಸ್ವಚ್ಛ ಆದ್ಮೇಲೆ ಏರಿಸಿ. ಫೋನಲ್ಲೇ ಪ್ಲೇಬ್ಯಾಕ್ ಸ್ಪೀಡ್ ಬದಲಾಯಿಸ್ಬೋದು, 105ರ ಹಾಡನ್ನ 1.1ಕ್ಕೆ ಇಟ್ರೆ ಸುಮಾರು 115 ಆಯ್ತು, ಒಂದೇ ಟ್ರ್ಯಾಕಲ್ಲಿ ಎರಡು ಸ್ಪೀಡ್ ಸಿಕ್ತು. ನನಗೆ ಇದು ಮುಖ್ಯ ಅನ್ಸೋದು ಯಾಕೆ ಅಂದ್ರೆ, ನಮ್ಮ ಕಡೆ ಹುಡುಗ್ರು ಎಲ್ಲಾನೂ ಫುಲ್ ಸ್ಪೀಡಲ್ಲೇ ಕಲಿಯಕ್ಕೆ ಹೋಗಿ ಹೆಜ್ಜೆ ನುಂಗ್ತಾರೆ, ಆಮೇಲೆ 108ರ ನಿಧಾನದ ಫಂಕ್ ಬಂದಾಗ ಮ್ಯೂಸಿಕ್ಕಿಗಿಂತ ಮುಂದೆ ಓಡ್ತಾರೆ. ಸ್ಲೋ ಹಾಡಿಗೆ ಕಾಯೋದು ಫಾಸ್ಟ್ ಹಾಡಿಗೆ ಓಡೋದಕ್ಕಿಂತ ಕಷ್ಟ.

ಪವರ್ ಮೂವ್ಸ್‌ಗೆ (ಮೈ ಇಡೀ ಗಿರಗಿರ ತಿರುಗಿಸೋ ಮೂವ್ಸ್‌ಗೆ) ಇಂಥ ಹಾಡೇ ಬೇಕು ಅನ್ನೋರು ಇದಾರೆ. ನಾನು ಹಂಗೆ ಹೇಳಲ್ಲ. ವಿಂಡ್‌ಮಿಲ್ಲು, ಫ್ಲೇರು ತಿರುಗೋ ಸ್ಪೀಡ್ ನಿಮ್ಮ ಕಾಲುದ್ದ, ತೂಕ, ಎಷ್ಟು ತಳ್ಳಿದ್ರಿ ಅನ್ನೋದ್ರ ಮೇಲೆ ಇರತ್ತೆ, ಬೀಟಿಗೆ ತಕ್ಕಂಗೆ ಅದನ್ನ ಎಳೆಯೋದು ಬಹಳ ಮುಂದಿನ ಮಾತು. ಸದ್ಯಕ್ಕೆ ಒಳಗೆ ಹೋಗೋದು ಒಂದಕ್ಕೆ, ಹೊರಗೆ ಬರೋದು ಸ್ನೇರ್‌ಗೆ, ಇವೆರಡು ಹಿಡೀರಿ ಸಾಕು. ಫ್ರೀಜ್ ವಿಷಯ ಮಾತ್ರ ಚೂರು ಗಮನ ಕೊಟ್ಟು ಕೇಳಿ. ಸ್ನೇರ್ ಕೇಳಿದ ಮೇಲೆ ಫ್ರೀಜ್‌ಗೆ ಹೊರಟ್ರೆ ತಡ ಆಗೋಯ್ತು. 112 ಬಿಪಿಎಂನಲ್ಲಿ ಒಂದು ಬೀಟಿಂದ ಇನ್ನೊಂದಕ್ಕೆ ಅರ್ಧ ಸೆಕೆಂಡ್ ಚೂರು ಮೇಲೆ, ಬೇಬಿ ಫ್ರೀಜ್‌ಗೆ ಕೈ ಊರಿ, ಮೊಣಕೈ ಹೊಟ್ಟೆಗೆ ಸಿಕ್ಕಿಸಿ, ಕಾಲು ಮಡಚಿ ನಿಲ್ಲೋಷ್ಟರಲ್ಲಿ ಅಷ್ಟು ಹೊತ್ತು ಹೋಗೇ ಹೋಗತ್ತೆ. ಆದ್ರಿಂದ ಹಿಂದಿನ ಬೀಟಿಗೇ ಕೈ ನೆಲಕ್ಕೆ ಬಿದ್ದಿರ್ಬೇಕು, ಸ್ನೇರ್ ಬೀಳೋ ಹೊತ್ತಿಗೆ ಮೈ ನಿಂತಿರ್ಬೇಕು. ಒಬ್ರು ಚಪ್ಪಾಳೆಯಲ್ಲಿ ಸ್ನೇರ್ ಹೊಡೀತಾ ಇರ್ಲಿ, ನೀವು ಬರೀ ಇದನ್ನೇ ಮಾಡಿ, ಹಾಡೇ ಬೇಡ.

ಇನ್ನು ನಿಮ್ಮ ಪ್ಲೇಲಿಸ್ಟ್. ಹಳೇ ಸ್ಟೈಲ್ ಬೂಮ್-ಬ್ಯಾಪ್ ರ‍್ಯಾಪ್ 85ರಿಂದ 95ರ ಹತ್ರ ಇರತ್ತೆ, ವಾರ್ಮ್‌ಅಪ್‌ಗೆ, ನಿಧಾನದ ಟಾಪ್‌ರಾಕ್‌ಗೆ ಇರ್ಲಿ. ಟ್ರ್ಯಾಪ್ ತೆಗೀರಿ. ಆ್ಯಪಲ್ಲಿ 140 ಅಂತ ತೋರ್ಸತ್ತೆ, ಆದ್ರೆ ಸ್ನೇರ್ ಬೀಳೋದು ಮೂರನೇ ಬೀಟಿಗೆ ಒಂದೇ ಸಲ, ಮೈಗೆ ಅದು 70ರ ಥರ ಅನ್ಸತ್ತೆ, ಫುಟ್‌ವರ್ಕ್ ಆ ಕಡೆಗೂ ಸೇರಲ್ಲ ಈ ಕಡೆಗೂ ಸೇರಲ್ಲ. ಇಡಿಎಂನಲ್ಲಿ ಪ್ರತಿ ಬೀಟಿಗೂ ಕಿಕ್ ಬಡೀತಾನೇ ಇರತ್ತೆ, ಸ್ಟ್ಯಾಮಿನಾ ರೌಂಡ್ಸ್‌ಗೆ ಚೆನ್ನಾಗಿದೆ, ಆದ್ರೆ ಅದರಲ್ಲಿ ಕಿವಿಗೆ ಕೆಲಸ ಇಲ್ಲ, ಬೀಟ್ ತಪ್ಪಿದ್ರೂ ಮುಂದಿನ ಕಿಕ್‌ಗೆ ಹತ್ಕೊಂಡುಬಿಡ್ತೀರ, ತಪ್ಪಿದ್ದು ಗೊತ್ತೇ ಆಗಲ್ಲ.

ಫಿಲ್ಮ್ ಸಾಂಗ್ ಪೂರ್ತಿ ಬಿಡಿ ಅಂತ ನಾನು ಹೇಳಲ್ಲ, ಒಂದು ಟೆಸ್ಟ್ ಮಾಡಿ. ಹಾಡಿನ ಜೊತೆ ತಕಧಿಮಿ ತಕಧಿಮಿ ಅಂತ ಹೇಳಿ, ಕೂತ್ರೆ ಸರಿ. ಕೂರದೆ ತಕಿಟ ತಕಿಟ ಅಂತ ಮೂರು ಮೂರಾಗಿ ಕೂತ್ರೆ ಅದು ಮೆರವಣಿಗೆ ಬೀಟು, ಗಣಪತಿ ಬಿಡೋವಾಗ ತಮಟೆಗೆ ಕುಣೀತೀವಲ್ಲ ಹೆಚ್ಚಾಗಿ ಆ ನಡೆ. ಮೈಗೆ ಎಷ್ಟು ಖುಷಿ ಕೊಟ್ರೂ ಸಿಕ್ಸ್-ಸ್ಟೆಪ್ಪು, ಸ್ವೈಪ್ಸು ಅದಕ್ಕೆ ಕೂರ್ಸೋದು ಕಷ್ಟ, ಅದರಲ್ಲೇ ಪ್ರಾಕ್ಟೀಸ್ ಮಾಡಿದ್ರೆ ಬ್ಯಾಟಲ್ ಬೀಟಿಗೆ ಮೈ ತೂಗೋ ರೀತಿನೇ ಬೇರೆ ಆಗ್ಬಿಡತ್ತೆ. ಆದ್ರೆ ಬರೀ ತಮಟೆ, ಬರೀ ಡೊಳ್ಳು ಇರೋ ರೆಕಾರ್ಡಿಂಗ್ ಸಿಕ್ರೆ ವಾರಕ್ಕೊಮ್ಮೆ ಟಾಪ್‌ರಾಕ್ ಮಾಡಿ ನೋಡಿ, ಡ್ರಮ್ ಒಂದನ್ನೇ ಹಿಡ್ಕೊಂಡು ಕುಣಿಯೋ ಅಭ್ಯಾಸ ಆಗತ್ತೆ, ಮತ್ತೆ ನಿಮ್ಮ ಟಾಪ್‌ರಾಕ್‌ಗೆ ಬೇರೆ ಊರಿನವ್ರ ಹತ್ರ ಇಲ್ಲದ ಒಂದು ತೂಕ ಬರತ್ತೆ. ನಮ್ಮ ಕಡೆ ವೀರಗಾಸೆ ನೋಡಿರ್ತೀರಲ್ಲ, ಒಡಪು ಹೇಳೋವಾಗ ವಾದ್ಯ ಸುಮ್ನಿರತ್ತೆ, ಮುಗಿದ ತಕ್ಷಣ ಸಂಬಾಳ, ಕರಡೆ ಒಟ್ಟಿಗೆ ಬಿದ್ದಾಗ ಕುಣಿಯೋರು ಅದೇ ಪೆಟ್ಟಿಗೆ ಎದ್ದಿರ್ತಾರೆ, ಒಂದು ಕೂದಲೆಳೆ ತಡ ಇಲ್ಲ. ಬ್ರೇಕ್‌ಗೆ ಇಳಿಯೋದೂ ಹಂಗೇ ಇರ್ಬೇಕು.

ಈಗ ಪ್ರಾಕ್ಟೀಸ್ ವಿಧಾನ, ಇದು ನಿಮ್ಮ ಪ್ರಶ್ನೆಯ ಹೊಟ್ಟೆ. ಐದು ಜನ ಇದೀರ, ದಿನಾ ಒಬ್ರ ಕೈಗೆ ಫೋನ್ ಕೊಡಿ, ಅವತ್ತಿನ ಡಿಜೆ ಅವ್ರೇ. ಅವ್ರು ಮನೇಲೇ ಉಳಿದವ್ರು ಕೇಳಿರದ ಹತ್ತು ಟ್ರ್ಯಾಕ್ ಹುಡುಕಿಟ್ಕೊಂಡು ಬರ್ಬೇಕು, ಫಂಕ್, ಲ್ಯಾಟಿನ್, ಬ್ರೇಕ್‌ಬೀಟ್, ಏನಾದ್ರೂ ಆಗ್ಲಿ, ಯಾವುದು ಅಂತ ಬಾಯಿ ಬಿಡ್ಬಾರ್ದು. ಹಾಡು ಶುರುವಾದ ತಕ್ಷಣ ಯಾರೂ ಒಳಗೆ ಹೋಗ್ಬೇಡಿ, ಎರಡು ಎಂಟು ನಿಂತಲ್ಲೇ ತಲೆ ಆಡಿಸ್ಕೊಂಡು ಸ್ನೇರ್ ಎಲ್ಲಿದೆ ಅಂತ ಹುಡುಕಿ, ಆಮೇಲೆ ಒಂದಕ್ಕೆ ಸರಿಯಾಗಿ ಕಾಲಿಡಿ. ಒಬ್ರು ಆಡೋವಾಗ ಫೋನ್ ಹಿಡ್ಕೊಂಡವ್ರು ಎಲ್ಲೋ ಒಂದು ಕಡೆ ವಾಲ್ಯೂಮ್ ಸೊನ್ನೆ ಮಾಡಿ ಎಂಟು ಎಣಿಸಿ ಮತ್ತೆ ಏರಿಸ್ಲಿ. ಶಬ್ದ ವಾಪಸ್ ಬಂದಾಗ ನೀವು ಬೀಟ್ ಮೇಲೇ ಇದ್ರೆ ಎಣಿಕೆ ಮೈಯಲ್ಲಿ ಇಳಿದಿದೆ ಅಂತ ಅರ್ಥ, ಮುಂದೆ ಓಡಿದ್ರೆ ಗಾಬರಿ, ಹಿಂದೆ ಬಿದ್ರೆ ಹೆಜ್ಜೆ ದೊಡ್ಡದಾಯ್ತು ಅಂತ. ಮೊದಮೊದಲು ಎಲ್ರೂ ಮುಂದೆ ಓಡ್ತಾರೆ. ಎಂಟು ಸಲೀಸಾದ ಮೇಲೆ ಹದಿನಾರು ಮಾಡಿ. ಮತ್ತೆ ಒಂದು ರೆಡಿ ಸೆಟ್ (ಮೊದಲೇ ಜೋಡಿಸಿಟ್ಟ ಮೂವ್ಸ್) ಇದ್ರೆ ಅದನ್ನ 100ಕ್ಕೆ, 112ಕ್ಕೆ, 124ಕ್ಕೆ ಒಂದರ ಹಿಂದೊಂದು ಹಾಕಿ, ಮೂರರಲ್ಲೂ ಫ್ರೀಜ್ ಬೀಟಿಗೇ ಬೀಳೋ ಹಂಗೆ ಎಲ್ಲಿ ಒಂದು ಹೆಜ್ಜೆ ಸೇರಿಸ್ಬೇಕು ಎಲ್ಲಿ ತೆಗೀಬೇಕು ಅಂತ ನೋಡ್ಕೊಳ್ಳಿ. ಇಷ್ಟ ಆದ ಹಾಡು ಬೇಡ್ವೇ ಬೇಡ ಅಂತಲ್ಲ, ಹೊಸ ಮೂವ್ ಕೂರ್ಸೋವಾಗ ಗೊತ್ತಿರೋ ಹಾಡೇ ಒಳ್ಳೇದು, ತಲೆಗೆ ಒಂದೇ ಕೆಲಸ ಇರತ್ತೆ. ಕೊನೇ ಅರ್ಧ ಗಂಟೆ ರೌಂಡ್ಸ್ ಹಾಕೋವಾಗ ಮಾತ್ರ ಖಡಾಖಂಡಿತ ಗೊತ್ತಿಲ್ದಿರೋ ಹಾಡು.

ಕೇಳೋ ಕೆಲಸ ಹಾಲ್ ಹೊರಗೂ ಮಾಡ್ಬೋದು. ಬೇಲೂರು ಮೇಲೆ ಹಾಸನಕ್ಕೆ ಬಸ್ಸಲ್ಲಿ ಹೋಗ್ತೀರಲ್ಲ, ಇಯರ್‌ಫೋನ್ ಹಾಕ್ಕೊಂಡು ಹೊಸ ಮಿಕ್ಸ್ ಒಂದನ್ನ ಹಾಕಿ, ತೊಡೆ ಮೇಲೆ ಸ್ನೇರ್ ತಟ್ಟಿ, 32 ಆದ ತಕ್ಷಣ ಬೆರಳು ಮಡಚಿ. ಬದಲಾವಣೆ ಬರೋ ಮುಂಚೆ ಬೆರಳು ಮಡಚೋದು ಅಭ್ಯಾಸ ಆದ್ರೆ ಬ್ಯಾಟಲಲ್ಲಿ ತನ್ನಷ್ಟಕ್ಕೆ ಬರತ್ತೆ.

ಕೆಲವು ಟ್ರ್ಯಾಕ್ ಮಾತ್ರ ಗೊತ್ತಿರ್ಲೇಬೇಕು, ಯಾಕಂದ್ರೆ ಪ್ರಪಂಚದ ಯಾವ ಮೂಲೆಯ ಡಿಜೆ ಆದ್ರೂ ಅವನ್ನ ಒಂದಲ್ಲ ಒಂದು ರೂಪದಲ್ಲಿ ಹಾಕ್ತಾರೆ. ಇನ್‌ಕ್ರೆಡಿಬಲ್ ಬೊಂಗೋ ಬ್ಯಾಂಡ್‌ನ 1973ರ ಅಪಾಚೆ, ಜಿಮ್ಮಿ ಕ್ಯಾಸ್ಟರ್ ಬಂಚ್‌ನ 1972ರ ಇಟ್ಸ್ ಜಸ್ಟ್ ಬಿಗನ್, ಬೇಬ್ ರೂತ್ ಅನ್ನೋ ಇಂಗ್ಲೆಂಡಿನ ರಾಕ್ ಬ್ಯಾಂಡಿನ ದ ಮೆಕ್ಸಿಕನ್, ಜೇಮ್ಸ್ ಬ್ರೌನ್‌ನ ಗಿವ್ ಇಟ್ ಅಪ್ ಆರ್ ಟರ್ನ್ ಇಟ್ ಎ ಲೂಸ್. ಅಪಾಚೆಯಲ್ಲಿ ಡ್ರಮ್ಸ್ ಜೊತೆಗೆ ಬೊಂಗೋ ಮಾತಾಡ್ತಾ ಇರತ್ತೆ, ಕಾಲು ಡ್ರಮ್ಸ್‌ಗೆ, ಕೈ ಬೊಂಗೋಗೆ ಅಂತ ಆಡಿ ನೋಡಿ, ಐವತ್ತು ವರ್ಷ ಆದ್ರೂ ಈ ರೆಕಾರ್ಡ್ ಯಾಕೆ ಸತ್ತಿಲ್ಲ ಅಂತ ಕಾಲಿಗೇ ಗೊತ್ತಾಗತ್ತೆ. ಇವನ್ನ ಬಾಯಿಪಾಠ ಮಾಡಿ ಕೊರಿಯೋಗ್ರಫಿ ಕಟ್ಬೇಡಿ, ಡಿಜೆ ಹಾಕೋದು ಕತ್ತರಿಸಿ ಅಂಟಿಸಿದ ಎಡಿಟ್ ಆಗಿರತ್ತೆ, ನೀವಂದ್ಕೊಂಡ ಜಾಗದಲ್ಲಿ ಹಾರ್ನ್ ಬರದೇ ಇರ್ಬೋದು. ಬಣ್ಣ ಪರಿಚಯ ಇದ್ರೆ ಸಾಕು.

ನಿಮ್ಮ ಹಾಲಿಗೆ ಶೀಟ್ ಇದೆ ಅಂದ್ರಲ್ಲ, ಅದು ಮಲೆನಾಡಲ್ಲಿ ದೊಡ್ಡ ವಿಷಯ. ಜೂನ್‌ನಿಂದ ಮಳೆ ಹಿಡ್ಕೊಂಡ್ರೆ ಶೀಟ್ ಮೇಲೆ ಬೀಳೋ ಸದ್ದು ಮೊದಲು ನುಂಗೋದು ಹೈ-ಹ್ಯಾಟು, ಆಮೇಲೆ ಆ ಘೋಸ್ಟ್ ನೋಟು. ಚಿಕ್ಕ ಸ್ಪೀಕರ್‌ನ ವಾಲ್ಯೂಮ್ ಪೂರ್ತಿ ಏರಿಸಿದ್ರೆ ಒಡೆದ ಸದ್ದು ಬರತ್ತೆ ಅಷ್ಟೇ. ಅಂಥ ದಿನ ಸ್ನೇರ್ ಒಣಗಿದಂಗೆ ಟಕ್ ಅನ್ನೋ, ವಾದ್ಯ ಕಮ್ಮಿ ಇರೋ ಟ್ರ್ಯಾಕ್ ಹಾಕಿ, ಹಾರ್ನ್, ಸ್ಟ್ರಿಂಗ್ಸ್ ತುಂಬಿರೋದು ಬೇಡ. ಬರೀ ಫೋನ್ ಸ್ಪೀಕರಲ್ಲಿ ಪ್ರಾಕ್ಟೀಸ್ ಮಾಡ್ಲೇಬೇಡಿ, ಅದರಲ್ಲಿ ಕಿಕ್ ಕೇಳೋದೇ ಇಲ್ಲ, ಸ್ನೇರ್ ಒಂದಕ್ಕೇ ಕುಣಿದು ಅಭ್ಯಾಸ ಆಗಿ ದೊಡ್ಡ ಸೌಂಡ್ ಸಿಸ್ಟಂ ಮುಂದೆ ಕಿಕ್ ಬಂದಾಗ ಕಾಲು ಗೊಂದಲ ಆಗತ್ತೆ. ಸ್ಪೀಕರನ್ನ ಮೂಲೆಗೆ ತಳ್ಬೇಡಿ, ಬೇಸ್ ಗುಂಯ್ ಅನ್ನತ್ತೆ. ಖಾಲಿ ಕಲ್ಯಾಣ ಮಂಟಪದಲ್ಲಿ ಆಡೋದಾದ್ರೆ ಎಕೋ ಇನ್ನೊಂದು ತಲೆನೋವು, ಎದುರಿನ ಗೋಡೆ 17 ಮೀಟರ್ ದೂರ ಇದ್ರೆ ಸದ್ದು ಹೋಗಿ ವಾಪಸ್ ಬರಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು, 112 ಬಿಪಿಎಂನಲ್ಲಿ ಅದು ತಕಧಿಮಿಯಲ್ಲಿ ‘ತ’ ಇಂದ ‘ಕ’ಗೆ ಹೋಗೋ ಹತ್ತಿರ ಹತ್ತಿರ ಸಮಯ. ಎರಡೆರಡು ಸ್ನೇರ್ ಕೇಳ್ದಂಗೆ ಆಗತ್ತೆ. ಸ್ಪೀಕರ್ ಹತ್ರಾನೇ ಆಡಿ, ಮೊದಲು ಕೇಳಿದ ಪೆಟ್ಟನ್ನ ನಂಬಿ. ಬೇಸಿಗೆಯಲ್ಲಿ ಯಾರದ್ದಾದ್ರೂ ತೋಟದಲ್ಲಿ ಕಾಫಿ ಒಣಗ್ಸೋ ಸಿಮೆಂಟ್ ಕಣ ಖಾಲಿ ಬಿದ್ದಿದ್ರೆ ಕೇಳಿ ನೋಡಿ, ಹಳೇ ಫ್ಲೆಕ್ಸ್ ಹಾಸ್ಕೊಂಡ್ರೆ ಆಯ್ತು, ಬಯಲಲ್ಲಿ ಎಕೋ ಇಲ್ಲ, ಬೀಟ್ ನೀಟಾಗಿ ಕೇಳತ್ತೆ.

ಬ್ಯಾಟಲ್ ದಿನ. 2024ರ ಆಗಸ್ಟ್ 9 ಮತ್ತು 10ಕ್ಕೆ ಪ್ಯಾರಿಸ್ ಒಲಿಂಪಿಕ್ಸಲ್ಲಿ ಬ್ರೇಕಿಂಗ್ ಆಯ್ತಲ್ಲ, ಜಪಾನಿನ ಅಮಿ, ಕೆನಡಾದ ಫಿಲ್ ವಿಝಾರ್ಡ್ ಚಿನ್ನ ಗೆದ್ರು, ಅಲ್ಲೂ ಯಾವ ಹಾಡು ಬರತ್ತೆ ಅಂತ ಆಡೋರಿಗೆ ಮುಂಚೆ ಹೇಳ್ತಿರ್ಲಿಲ್ಲ, ಡಿಜೆ ಹಾಕಿದ್ದಕ್ಕೆ ಆಡ್ಬೇಕಿತ್ತು. ಒಂಬತ್ತು ಜನ ಜಡ್ಜಸ್ಸು, ನೋಡೋದು ಐದು ವಿಷಯ: ಟೆಕ್ನಿಕ್, ವೊಕ್ಯಾಬುಲರಿ, ಎಕ್ಸಿಕ್ಯೂಷನ್, ಒರಿಜಿನಾಲಿಟಿ, ಮ್ಯೂಸಿಕಾಲಿಟಿ. ಐದಕ್ಕೂ ಸಮ ತೂಕ. ಅಂದ್ರೆ ಏರ್‌ಫ್ಲೇರ್‌ನಂಥ ಕಷ್ಟದ ಪವರ್ ಮೂವ್ ಇಲ್ದಿದ್ರೂ ಮ್ಯೂಸಿಕ್ ಹಿಡಿದು ಆಡೋರಿಗೆ ಅಲ್ಲಿ ಜಾಗ ಇದೆ. ಎದುರಾಳಿ ಆಡ್ತಾ ಇರೋವಾಗ ಅವ್ರನ್ನ ನೋಡಿ ಕೈ ತೋರ್ಸೋದ್ರಲ್ಲಿ ಮುಳುಗ್ಬೇಡಿ, ಬಹಳ ಸಲ ಅದೇ ಟ್ರ್ಯಾಕ್ ನಿಮ್ಮ ರೌಂಡಿಗೂ ಮುಂದುವರಿಯತ್ತೆ, ಅವ್ರ 40 ಸೆಕೆಂಡು ನಿಮಗೆ ಕೇಳಕ್ಕೆ ಸಿಕ್ಕ ಸಮಯ. ಅವ್ರು ಯಾವ ಪೆಟ್ಟು ಬಿಟ್ರು ಅಂತ ಗುರುತು ಹಾಕ್ಕೊಳ್ಳಿ, ನೀವು ಅದನ್ನೇ ಹೊಡೀರಿ. ಮೊದಲು ನೀವೇ ಹೋಗ್ಬೇಕಾಗಿ ಬಂದ್ರೆ ಟಾಪ್‌ರಾಕ್ ಒಂದೆರಡು ಎಂಟು ಜಾಸ್ತಿ ಮಾಡಿ, ನಿಂತ್ಕೊಂಡೇ ಹಾಡು ಓದ್ಕೊಳ್ಳಿ, ನೆಲಕ್ಕೆ ಹೋಗೋ ಅವಸರ ಬೇಡ. ಬೀಟ್ ತಪ್ಪಿತು ಅನ್ಸಿದ್ರೆ ಅದರ ಹಿಂದೆ ಓಡ್ಬೇಡಿ, ಯಾವ್ದಾದ್ರೂ ಸುಲಭದ ಫ್ರೀಜಲ್ಲಿ ನಿಂತು ಮುಂದಿನ ಒಂದಕ್ಕೆ ಕಾದು ಎದ್ದೇಳಿ.

ಇನ್ನು ನಿಮ್ಮ ಜ್ಯಾಮ್. ಹಾಸನ, ಚಿಕ್ಕಮಗಳೂರು ಹುಡುಗ್ರು ಒಂದು ಕಡೆ ಸೇರ್ತಾರೆ ಅಂತ ಕೇಳಿ ನಿಜವಾಗ್ಲೂ ಖುಷಿಯಾಯ್ತು, ಎರಡೂ ಕಡೆ ಆಡೋರು ಇದಾರೆ, ಸೈಫರ್ (ಸುತ್ತ ನಿಂತು ಒಬ್ರಾದ್ಮೇಲೆ ಒಬ್ರು ಮಧ್ಯಕ್ಕೆ ಬಂದು ಆಡೋದು) ಇಲ್ಲ. ಡಿಜೆ ಆಗೋರು ಆಡ್ಬಾರ್ದು, ಅದೊಂದನ್ನ ಮೊದಲೇ ತೀರ್ಮಾನ ಮಾಡ್ಕೊಳ್ಳಿ. ಲ್ಯಾಪ್‌ಟಾಪ್ ಇದ್ರೆ ಮಿಕ್ಸ್ (Mixxx) ಅನ್ನೋ ಫ್ರೀ ಸಾಫ್ಟ್‌ವೇರ್ ಸಿಗತ್ತೆ, ಎರಡು ಡೆಕ್ ಇರತ್ತೆ, ಲೂಪ್ ಬಟನ್ ಒತ್ತಿದ್ರೆ ಹರ್ಕ್ ಎರಡು ರೆಕಾರ್ಡಲ್ಲಿ ಮಾಡ್ತಿದ್ದಿದ್ದು ಒಂದೇ ಫೈಲಲ್ಲಿ ಆಗತ್ತೆ. ನಾಲ್ಕು ಅಥವಾ ಎಂಟು ಬಾರ್ ಲೂಪ್ ಮಾಡಿ, ಎರಡೇ ಬಾರ್ ಮಾಡಿದ್ರೆ ಆಡೋರಿಗೆ ಹಿಡಿಯಕ್ಕೆ ಏನೂ ಇರಲ್ಲ, ಬೋರ್ ಹೊಡೆಯತ್ತೆ. ಒಬ್ರು ಆಡ್ತಿರೋವಾಗ ಮಧ್ಯದಲ್ಲಿ ಟ್ರ್ಯಾಕ್ ಬದಲಾಯಿಸ್ಬೇಡಿ, ಅದು ಆಡೋರಿಗೆ ಮಾಡೋ ಅನ್ಯಾಯ. ಎರಡೂ ಕಡೆಯವ್ರಿಗೆ ಅದೇ ಟ್ರ್ಯಾಕ್ ಕೊಟ್ಟು ಇಬ್ರದ್ದೂ ಮುಗಿದ ಮೇಲೆ ಮುಂದಿಂದಕ್ಕೆ ಹೋಗಿ. ಒಂದು ಕಡೆಗೆ ಖಾಲಿ ಇಂಟ್ರೋ, ಇನ್ನೊಂದು ಕಡೆಗೆ ಹಾರ್ನ್ ತುಂಬಿದ ಭಾಗ ಬಿತ್ತು ಅಂದ್ರೆ ಜಡ್ಜ್ ಎಷ್ಟು ನ್ಯಾಯವಾಗಿದ್ರೂ ಬ್ಯಾಟಲ್ ಓರೆಯಾಗೇ ಇರತ್ತೆ. ಶುರುವಲ್ಲಿ 108ರಿಂದ 112, ಸೆಮಿಗೆ 115ರ ಮೇಲೆ, ಮೇಲೆ ಹೇಳಿದ ಹಳೇ ಕ್ಲಾಸಿಕ್ ಹಾಡುಗಳನ್ನ ಫೈನಲ್‌ಗೆ ಇಟ್ಕೊಳ್ಳಿ, ಮೊದಲೇ ಖರ್ಚು ಮಾಡಿದ್ರೆ ಕೊನೆಗೆ ಜನಕ್ಕೆ ಬಿಸಿ ಏರಿಸಕ್ಕೆ ಏನೂ ಉಳಿಯಲ್ಲ. ವಿಡಿಯೋ ಇನ್‌ಸ್ಟಾಗೆ, ಯೂಟ್ಯೂಬ್‌ಗೆ ಹಾಕೋ ಪ್ಲ್ಯಾನ್ ಇದ್ರೆ ಹಳೇ ರೆಕಾರ್ಡುಗಳಿಗೆ ಕಾಪಿರೈಟ್ ಬಿದ್ದು ಸೌಂಡ್ ಮ್ಯೂಟ್ ಆಗ್ಬೋದು, ಹಾಗಾಗಿ ಬ್ಯಾಟಲ್‌ಗೆ ಅಂತಾನೇ ಬ್ರೇಕ್‌ಬೀಟ್ ಮಾಡೋ ಪ್ರೊಡ್ಯೂಸರ್‌ಗಳಿಗೆ ಒಂದು ಮೆಸೇಜ್ ಹಾಕಿ ಪರ್ಮಿಷನ್ ಕೇಳಿ, ಚಿಕ್ಕ ಜ್ಯಾಮ್ ಅಂದ್ರೆ ಖುಷಿಯಿಂದ ಕೊಡೋರು ಇರ್ತಾರೆ.

ಕರೆಂಟ್ ಹೋದ್ರೆ ಅಂತ ಒಂದು ಬ್ಯಾಟರಿ ಸ್ಪೀಕರ್ ಚಾರ್ಜ್ ಮಾಡಿ ಪಕ್ಕದಲ್ಲಿಡಿ. ಹಾಡುಗಳನ್ನೆಲ್ಲ ಹಿಂದಿನ ದಿನಾನೇ ಡೌನ್‌ಲೋಡ್ ಮಾಡಿ ಲ್ಯಾಪ್‌ಟಾಪಲ್ಲಿ ಒಂದು ಕಾಪಿ, ಪೆನ್‌ಡ್ರೈವಲ್ಲಿ ಒಂದು ಕಾಪಿ ಇಟ್ಕೊಳ್ಳಿ, ಫೈಲ್ ಹೆಸರಿನ ಮೊದಲು ಬಿಪಿಎಂ ಬರೀರಿ, ಹಾಲೊಳಗೆ ನೆಟ್‌ವರ್ಕ್ ನಂಬ್ಕೊಂಡು ಹೋಗ್ಬೇಡಿ. ಡೇಟ್ ಫಿಕ್ಸ್ ಆದ್ಮೇಲೆ ಬರೆದು ತಿಳಿಸಿ, ಡಿಜೆ ಮಾಡೋರಿಗೆ ಏನಾದ್ರೂ ಅನುಮಾನ ಇದ್ರೆ ಅವ್ರೇ ಕೇಳ್ಲಿ.